ಟೇಲರ್ ಸಾಹೇಬನೂ ಕಳ್ಳರ ಹೆಸರುಗಳೂ

ಅಚೌರ್ಯಾಣುವ್ರತವನ್ನು ಕುರಿತು ಬರೆಯುವವರು ಪುರಾಣಪುರುಷರ ಕಥೆಗಳನ್ನು ಎತ್ತಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಈ ಸಲ ನಾನು ಜೈನನಲ್ಲದ, ಈ ದೇಶದವನೂ ಅಲ್ಲದ ಒಬ್ಬನ ಜೀವನವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಆತನು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಆಳಂದ, ಅಫಜಲಪುರ, ಜೇವರ್ಗಿಗಳ ಆಸುಪಾಸಿನಲ್ಲಿಯೇ ಆತನ ಬಾಳಿನ ಬಹುಭಾಗ ಕಳೆಯಿತು. ಆಳಂದದಿಂದ ವಾಯವ್ಯಕ್ಕೆ ಹೋದರೆ ಆತನು ಅಧಿಕಾರ ನಡೆಸಿದ ನಳದುರ್ಗ ಮತ್ತು ತುಳಜಾಪುರ. ಜೇವರ್ಗಿಯಿಂದ ದಕ್ಷಿಣಕ್ಕೆ ಹೋದರೆ ಆತನು ಹನ್ನೊಂದು ಹನ್ನೆರಡು ವರ್ಷ ವಾಸವಾಗಿದ್ದ ಸುರಪುರ. ಕಳ್ಳರಿಗೆ ಸಂಬಂಧಿಸಿದ ಒಂದು ಭಾರತೀಯ ಶಬ್ದವನ್ನು ಲೋಕದ ಮೂಲೆಮೂಲೆಗೆ ಮುಟ್ಟಿಸಿದವರಲ್ಲಿ ಈತನು ಪ್ರಮುಖ. ಅಂಥದೇ ಒಂದು ಶಬ್ದದ ಭಯದಿಂದ ನಡುಗಿದ ತರುಣನೊಬ್ಬನ ಬಿನ್ನಹವನ್ನು ಸೆರೆಮನೆಯಲ್ಲಿ ಕೇಳಿದವನೂ ಈತನೇ. ಆದುದರಿಂದ ನಮ್ಮ ವ್ರತವಿಚಾರಕ್ಕೆ ಈ ಜೀವನಚರಿತ್ರೆ ಹೊರಗಿನದೆಂದು ನನಗೆ ತೋರುವುದಿಲ್ಲ.

ಮೊದಲು ಶಾಸ್ತ್ರದ ಒಂದು ಮಾತನ್ನು ನೆನಪಿಗೆ ತಂದುಕೊಳ್ಳೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕೊಡದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಹೇಳುತ್ತಾರೆ. ಅದಕ್ಕೆ ಪ್ರಮತ್ತಯೋಗವು ಕಾರಣವಾಗಿರಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇದನ್ನೇ ಗೃಹಸ್ಥರಿಗೆ ತಿಳಿಯುವಂತೆ ಬಿಡಿಸಿ, ಇಟ್ಟದ್ದು, ಬಿದ್ದದ್ದು, ಮರೆತದ್ದು ಯಾವುದೇ ಆಗಲಿ, ಪರರದಾದರೆ ತಾನೂ ತೆಗೆಯಬಾರದು, ಇನ್ನೊಬ್ಬನಿಗೂ ಎತ್ತಿಕೊಡಬಾರದು ಎಂದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆಚಾರ್ಯರು ಹೇಳಿದ್ದು ಕ್ರಿಯೆಯನ್ನು ಮತ್ತು ಆ ಕ್ರಿಯೆಯ ಹಿಂದಿನ ಭಾವವನ್ನು. ಯಾವ ಕುಲದವನು ಕಳ್ಳ, ಯಾವ ಊರಿನವನು ಕಳ್ಳ ಎಂಬ ಪಟ್ಟಿಯನ್ನು ಅವರು ಬರೆಯಲಿಲ್ಲ. ಆ ಪಟ್ಟಿಯನ್ನು ಬರೆದವರು ಬೇರೆಯವರು. ಅದು ಮುಂದೆ ಬರುತ್ತದೆ.

ಟೇಲರನು 1808 ನೆಯ ಇಸವಿಯ ಸೆಪ್ಟೆಂಬರ್ 25 ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಜನಿಸಿದನು. ತಂದೆ ವ್ಯಾಪಾರಸ್ಥ. ಮನೆಯ ಸ್ಥಿತಿ ಇಳಿಮುಖವಾಗಲು ಹದಿನೈದರ ಹುಡುಗನನ್ನು 1824 ರಲ್ಲಿ ಮುಂಬಯಿಯ ಒಬ್ಬ ವರ್ತಕನ ಕೋಠಿಗೆ ಕಳುಹಿಸಿದರು. ಇಲ್ಲಿಗೆ ಬಂದು ನೋಡಿದರೆ ಆ ಕೋಠಿಯೇ ಮುಳುಗುವ ಹಂತದಲ್ಲಿತ್ತು. ಸಂಬಂಧಿಕನೊಬ್ಬನ ಸಹಾಯದಿಂದ ಅದೇ ವರ್ಷ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಆತನಿಗೆ ಕೆಲಸ ದೊರೆಯಿತು. ಕಂಪನಿ ಸರಕಾರದ ಖಾಯಂ ಅಧಿಕಾರಿಗಳಿಗಿದ್ದ ಮಾನಮರ್ಯಾದೆ, ಬಡ್ತಿ ಈತನಿಗೆ ಕೊನೆಯವರೆಗೂ ಸಿಕ್ಕಲಿಲ್ಲ. ಆದರೆ ಹುಡುಗ ಛಲಗಾರ. ಹಿಂದೂಸ್ತಾನಿ, ಮರಾಠಿಗಳನ್ನು ಕಲಿತನು. ಭೂಮಾಪನ, ಕಾನೂನು, ಕಟ್ಟಡದ ಕೆಲಸ, ಚಿತ್ರ ಬರೆಯುವುದು, ಎಲ್ಲವನ್ನೂ ಸ್ವಂತ ಪ್ರಯತ್ನದಿಂದಲೇ ಕಲಿತನು. ಮುಂದೆ ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ವಿವಾಹವಾದನು.

ಇಪ್ಪತ್ತು ವರ್ಷ ತುಂಬುವ ಮೊದಲೇ ಆತನಿಗೆ ನಿಜಾಮನ ರಾಜ್ಯದ ನೈಋತ್ಯ ಭಾಗದ ಪೊಲೀಸು ವ್ಯವಸ್ಥೆಯ ಹೊಣೆ ಬಂದಿತು. ತುಳಜಾಪುರದ ಬೆಟ್ಟದ ಮೇಲೆ ಬಿಡಾರ. ಆ ಕಾಲದ ಒಂದು ಪ್ರಸಂಗವನ್ನು ಆತನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಂಬಾಭವಾನಿಯ ದರ್ಶನಕ್ಕೆ ಹೋಗುವ ಯಾತ್ರಿಕರು ಹಾದಿಯ ಅಂಗಡಿಗಳಲ್ಲಿ ಕೊಂಡ ಹಿಟ್ಟಿನಲ್ಲಿ ಮರಳು ಬೆರೆತಿದೆಯೆಂದು ದೂರಿದರು. ಟೇಲರನು ಆಳುಗಳನ್ನು ಕಳುಹಿಸಿ ಅಂಗಡಿ ಅಂಗಡಿಯ ಹಿಟ್ಟು ತರಿಸಿ ಪರೀಕ್ಷಿಸಿದನು. ದೂರು ನಿಜವಾಗಿತ್ತು. ದಂಡ ಹಾಕಲಿಲ್ಲ, ಛಡಿಯಿಂದ ಹೊಡೆಯಿಸಲಿಲ್ಲ. ಆಯಾ ಅಂಗಡಿಕಾರನು ತನ್ನ ತನ್ನ ಹಿಟ್ಟನ್ನು ಎಲ್ಲರೆದುರಿಗೆ ತಾನೇ ತಿನ್ನಬೇಕೆಂದು ಅಪ್ಪಣೆ ಮಾಡಿದನು. ಅವರು ಕೈಮುಗಿದು ಬೇಡಿಕೊಂಡರೂ ಬಿಡಲಿಲ್ಲ. ಈ ಶಿಕ್ಷೆ ಯೋಗ್ಯವೇ ಎಂದು ನಾನು ಹೇಳಲಾರೆ. ಅನ್ಯರ ದೇಹವನ್ನು ನೋಯಿಸುವ ಶಿಕ್ಷೆ ಯಾವುದೂ ನಮಗೆ ಒಪ್ಪಿತವಲ್ಲ. ಆದರೆ ಅಚೌರ್ಯವ್ರತದ ಐದು ಅತಿಚಾರಗಳನ್ನು ಬಾಯಿಪಾಠ ಮಾಡಿದವರು ಇಲ್ಲಿ ಐದನೆಯದಾದ ಪ್ರತಿರೂಪಕವ್ಯವಹಾರವನ್ನು ಕೂಡಲೆ ಗುರುತಿಸುತ್ತಾರೆ. ಒಳ್ಳೆಯ ಸರಕಿಗೆ ಕೆಟ್ಟದ್ದನ್ನು ಬೆರೆಸಿ ಒಳ್ಳೆಯದೆಂದು ಮಾರುವುದೇ ಅದು. ನಾಲ್ಕನೆಯದಾದ ಹೀನಾಧಿಕಮಾನೋನ್ಮಾನವೂ, ಎಂದರೆ ಕೊಳ್ಳಲು ಒಂದು ತೂಕ, ಕೊಡಲು ಒಂದು ತೂಕ ಇಟ್ಟುಕೊಳ್ಳುವುದೂ, ಅದೇ ಮನೆತನದ್ದು. ಇಂಥ ಅಂಗಡಿಕಾರನಿಗೆ ಕನ್ನಡದಲ್ಲಿ ನೇರವಾದ ಹೆಸರಿಲ್ಲ ಎಂಬುದು ವಿಚಿತ್ರ. ಗೋಡೆ ಕೊರೆದವನು ಕನ್ನಗಳ್ಳ, ಕಿಸೆ ಕತ್ತರಿಸಿದವನು ಕಿಸೆಗಳ್ಳ, ದಾರಿಯಲ್ಲಿ ಅಡ್ಡಗಟ್ಟಿದವನು ಹಾದಿಗಳ್ಳ. ದುಡಿಯಲಾರದ ಸೋಮಾರಿಗೂ ಮೈಗಳ್ಳನೆಂಬ ಬಿರುದುಂಟು. ತಕ್ಕಡಿಯ ಹಿಂದೆ ಕುಳಿತವನು ಮಾತ್ರ ಶೆಟ್ಟರು, ಸಾವಕಾರರು ಎಂದೇ ಕರೆಯಿಸಿಕೊಳ್ಳುತ್ತಾನೆ. ವ್ಯಾಪಾರವೇ ಜೀವನವಾದ ನಮ್ಮ ಮನೆಗಳಿಗಾಗಿ ಆಚಾರ್ಯರು ಐದರಲ್ಲಿ ಎರಡು ಅತಿಚಾರಗಳನ್ನು ತೂಕಕ್ಕೂ ಬೆರಕೆಗೂ ಏಕೆ ಮೀಸಲಿಟ್ಟರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಳಜಾಪುರದ ಕೆಲಸದಲ್ಲಿದ್ದಾಗಲೇ ಹಾದಿಬದಿಯಲ್ಲಿ ಗುರುತು ಸಿಕ್ಕದ ಹೆಣಗಳು ದೊರೆಯುವ ಸುದ್ದಿ ಆತನ ಕಿವಿಗೆ ಬಿದ್ದಿತು. ಕೊಂದವರು ಯಾರೆಂಬುದನ್ನು ಶೋಧಿಸಲು ತೊಡಗಿದನು. ಅಷ್ಟರಲ್ಲಿ 1829 ರಲ್ಲಿ ಹೊಸ ನಿಜಾಮ ನಾಸಿರುದ್ದೌಲನು ಪಟ್ಟಕ್ಕೆ ಬಂದು, ಜಿಲ್ಲೆಗಳಲ್ಲಿದ್ದ ಆಂಗ್ಲ ಮೇಲ್ವಿಚಾರಕರನ್ನು ತೆಗೆಯಿಸಿದನು. ಟೇಲರನು ಮರಳಿ ಪಲ್ಟಣಕ್ಕೆ ಹೋಗಬೇಕಾಯಿತು. ಕೆಲವೇ ವರ್ಷಗಳಲ್ಲಿ ಉತ್ತರದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಈ ಗುಟ್ಟನ್ನು ಬಯಲಿಗೆಳೆದು ಕೀರ್ತಿ ಪಡೆದನು. ತನ್ನ ಕೈಗೆ ಬಂದಿದ್ದ ಕೆಲಸ ತಪ್ಪಿಹೋಯಿತೆಂಬ ಕೊರಗು ಟೇಲರನನ್ನು ಮುಪ್ಪಿನವರೆಗೂ ಬಿಡಲಿಲ್ಲ. ಆದರೂ ನಿಜಾಮನ ರಾಜ್ಯದಲ್ಲಿ ಸಿಕ್ಕಿಬಿದ್ದು ಮಾಫಿಸಾಕ್ಷಿಗಳಾದವರ ಹೇಳಿಕೆಗಳನ್ನು ಕೇಳುವ, ಬರೆದುಕೊಳ್ಳುವ ಅವಕಾಶ ಆತನಿಗೆ ದೊರೆಯಿತು.

ಈ ಗುಂಪುಗಳಿಗೆ ಜನರು ಇಟ್ಟ ಹೆಸರುಗಳನ್ನು ಸ್ವಲ್ಪ ನೋಡೋಣ. ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ ಎಂಬವನು 1816 ರಲ್ಲಿಯೇ ಇವರ ವಿಷಯವಾಗಿ ಒಂದು ಪ್ರಬಂಧ ಬರೆದನು. ದಕ್ಷಿಣದಲ್ಲಿ ಇವರಿಗೆ ಫಾಸಿಗಾರರೆಂದು ಹೆಸರು. ಫಾಸಿ ಎಂದರೆ ಕುಣಿಕೆ. ಕನ್ನಡ ಜನರು ಇವರನ್ನು ತಂತಿಕಳ್ಳರು ಎನ್ನುತ್ತಿದ್ದರೆಂದು ಆತನು ದಾಖಲಿಸಿದ್ದಾನೆ. ಕುಣಿಕೆಯ ತಂತಿಯಿಂದ ಬಂದ ಹೆಸರು ಅದು. ಕೈಯಲ್ಲಿದ್ದ ಆಯುಧವನ್ನು ಕಂಡು ಇಟ್ಟದ್ದು, ಜಾತಿಯನ್ನು ಕಂಡು ಇಟ್ಟದ್ದಲ್ಲ. ಉತ್ತರದ ಮಾತು ಠಗ. ಸಂಸ್ಕೃತದಲ್ಲಿ ಮುಚ್ಚು, ಮರೆಮಾಡು ಎಂಬರ್ಥದ ಧಾತುವಿನಿಂದ ಹುಟ್ಟಿ, ಪ್ರಾಕೃತದ ಹಾದಿಯಿಂದ ಬಂದ ಶಬ್ದ. ನಮ್ಮ ಠಕ್ಕನೂ ಅದೇ ವಂಶದವನು. ಆದರೆ ಕನ್ನಡದ ಠಕ್ಕನು ಮೋಸಗಾರನೇ ಹೊರತು ಕೊಲೆಗಾರನಲ್ಲ. ತುಂಟ ಮೊಮ್ಮಗನನ್ನು ಅಜ್ಜಿ ಠಕ್ಕನೆಂದು ಕರೆದರೆ ಯಾರೂ ಬೆಚ್ಚುವುದಿಲ್ಲ. ಸ್ಲೀಮನನು 1836 ರಲ್ಲಿ ಈ ಗುಂಪುಗಳ ಗುಪ್ತಭಾಷೆಯ ಕೋಶವನ್ನೇ ಅಚ್ಚು ಹಾಕಿಸಿದನು. ಅದರಲ್ಲಿ ಕೊಲ್ಲಲು ಗೊತ್ತುಮಾಡಿದ ಪಯಣಿಗನಿಗೆ ಬನಿಜ ಎಂದು ಹೆಸರು. ಅದು ವಾಣಿಜ್ಯಕ್ಕೆ ಸೇರಿದ ಮಾತು, ಸರಕು ಎಂದರ್ಥ. ಮನುಷ್ಯನನ್ನು ಸರಕೆಂದು ಕರೆದ ಮೇಲೆ ಕೈ ನಡುಗುವುದಿಲ್ಲ. ಹೆಸರನ್ನು ಬದಲಿಸಿ ಪಾಪವನ್ನು ಹಗುರಮಾಡಿಕೊಳ್ಳುವ ಈ ಚಾತುರ್ಯ ಅವರೊಬ್ಬರದೇ ಅಲ್ಲ.

ಟೇಲರನು ಅನಾರೋಗ್ಯದಿಂದ ಸ್ವದೇಶಕ್ಕೆ ಹೋದಾಗ, 1839 ರಲ್ಲಿ, ಠಗನೊಬ್ಬನ ತಪ್ಪೊಪ್ಪಿಗೆ ಎಂಬರ್ಥದ ಹೆಸರಿನ ಕಾದಂಬರಿ ಪ್ರಕಟವಾಯಿತು. ಅಮೀರ ಅಲಿ ಎಂಬವನು ತಾನು ಪಾಲುಗೊಂಡ 719 ಕೊಲೆಗಳ ಕಥೆಯನ್ನು ಸಾಹೇಬನೊಬ್ಬನ ಎದುರು ತಣ್ಣಗೆ ಹೇಳುವುದೇ ಅದರ ವಸ್ತು. ಆಗತಾನೆ ಪಟ್ಟಕ್ಕೆ ಬಂದಿದ್ದ ವಿಕ್ಟೋರಿಯಾ ರಾಣಿ ಪುಸ್ತಕ ಬರುವವರೆಗೆ ತಾಳಲಾರದೆ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿ ಓದಿದಳಂತೆ. ಆ ಪುಸ್ತಕದೊಡನೆ ಠಗ ಎಂಬ ಶಬ್ದ ಇಂಗ್ಲಿಷರ ಮನೆಮನೆಗೆ ಹೋಯಿತು. ಈಗ ಆ ಭಾಷೆಯಲ್ಲಿ ಯಾವ ಪುಂಡನನ್ನಾದರೂ ಹಾಗೆ ಕರೆಯುತ್ತಾರೆ. ಲೂಟಿ ಎಂಬ ನಮ್ಮ ಮಾತೂ ಅವರ ಕೋಶವನ್ನು ಸೇರಿದೆ. ಅದನ್ನು ಯಾರಿಂದ ಯಾರು ಕಲಿತರು, ಯಾರು ಹೆಚ್ಚಾಗಿ ಬಳಸಿದರು ಎಂಬುದನ್ನು ಇತಿಹಾಸ ಓದಿದವರು ಯೋಚಿಸಬಹುದು.

ಕಾದಂಬರಿಗಿಂತ ಗುರುತರವಾದುದು ಕಾಯಿದೆ. 1836 ರ ಕಾಯಿದೆಯೊಂದರ ಪ್ರಕಾರ ಒಬ್ಬನು ಇಂಥ ಕೊಲೆ ಮಾಡಿದನೆಂದು ರುಜುವಾತಾಗಬೇಕಾಗಿರಲಿಲ್ಲ. ಠಗರ ಗುಂಪಿಗೆ ಯಾವಾಗಲಾದರೂ ಸೇರಿದ್ದನೆಂದು ಕಂಡುಬಂದರೆ ಸಾಕು, ಆಜನ್ಮ ಕಠಿಣ ಸಜೆ. ಸಾಕ್ಷಿ ಹೇಳುವವರು ಬಹುಮಟ್ಟಿಗೆ ತಮ್ಮ ಪ್ರಾಣ ಉಳಿಸಿಕೊಂಡ ಮಾಫಿಸಾಕ್ಷಿಗಳೇ. ಆ ಗುಂಪುಗಳೆಲ್ಲ ಒಂದೇ ಧರ್ಮದಂತೆ ಕಟ್ಟಿಕೊಂಡಿದ್ದವೆಂಬ ಮಾತನ್ನು ಇಂದಿನ ಇತಿಹಾಸಕಾರರು ಅನೇಕರು ಸಂದೇಹದಿಂದ ಕಾಣುತ್ತಾರೆ. ಕೊಲೆಗಳು ನಡೆದವು, ಅದರಲ್ಲಿ ಸಂಶಯವಿಲ್ಲ. ಅವರಿಗೆ ನೆಲೆ ಕೊಟ್ಟು ಪಾಲು ಪಡೆದ ಪಾಳೆಯಗಾರರೂ ಜಮೀನ್ದಾರರೂ ಇದ್ದರು. ಕಳವಿನ ಸರಕನ್ನು ಕೊಳ್ಳುವ ತದಾಹೃತಾದಾನ, ಕಳವಿಗೆ ಪ್ರೇರಿಸುವ ಸ್ತೇನಪ್ರಯೋಗ ಇವೂ ಅತಿಚಾರಗಳೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಆದರೆ ಠಗ ಎಂಬ ಹೆಸರು ಪಾಲು ಪಡೆದ ಆ ದೊಡ್ಡವರ ತಲೆಗೆ ಅಂಟಲಿಲ್ಲ. ಹೆಸರೇ ಅಪರಾಧವಾಗುವ ಈ ಪದ್ಧತಿ ಅಲ್ಲಿಗೆ ನಿಲ್ಲದೆ 1871 ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯಾಗಿ ಬೆಳೆಯಿತು. ಹುಟ್ಟಿದ ಕೂಸನ್ನೂ ಕಳ್ಳರ ಕುಲದ್ದೆಂದು ಎಣಿಸುವ ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952 ರಲ್ಲಿ. ಉತ್ತರ ಕರ್ನಾಟಕದಲ್ಲಿ ಗಂಟಿಚೋರರೆಂಬ ಸಮುದಾಯವೇ ಇದೆ. ಗಂಟು ಕದಿಯುವವರೆಂಬ ಆ ನಿಂದೆಯ ಮಾತು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಜಾತಿಯ ಹೆಸರಾಗಿ ಅಚ್ಚಾಗಿದೆ. ಅವರ ಮಕ್ಕಳು ಶಾಲೆಗೆ ಸೇರುವಾಗ ತಾವೇ ಅದನ್ನು ಬರೆದುಕೊಡಬೇಕು.

ಇಲ್ಲಿ ನನ್ನದೊಂದು ದೋಷವನ್ನು ಹೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ಭೀಮಾತೀರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಹೊಸದಾಗಿ ಮಾಸ್ತರನಾಗಿದ್ದೆ. ಮಕ್ಕಳಿಂದ ಕೂಡಿಸಿದ್ದ ಫೀಯ ಹಣ ನಲವತ್ತು ರೂಪಾಯಿ ಕಾಣದಾಯಿತು. ಊರ ಹೊರಗೆ ಗುಡಾರ ಹಾಕಿದ್ದ ಅಲೆಮಾರಿಗಳ ಹುಡುಗನೊಬ್ಬ ನನ್ನ ವರ್ಗದಲ್ಲಿದ್ದ. ಯಾರೂ ಹೇಳಲಿಲ್ಲ, ಯಾರೂ ಕಂಡಿರಲಿಲ್ಲ; ನಾನೇ ಎಲ್ಲರೆದುರಿಗೆ ಆತನ ಕುಲದ ಹೆಸರನ್ನೆತ್ತಿ ಕಳ್ಳನೆಂದೆ. ಹುಡುಗ ಅಳಲಿಲ್ಲ. ಪಾಟಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟುಹೋದ. ಎರಡು ತಿಂಗಳಾದ ಮೇಲೆ ಹಣ ಹಳೆಯ ಹಾಜರಿ ಪುಸ್ತಕದ ಮಡಿಕೆಯಲ್ಲಿ ಸಿಕ್ಕಿತು; ಇಟ್ಟವನು ನಾನೇ. ಗುಡಾರಗಳಿದ್ದ ಜಾಗಕ್ಕೆ ಓಡಿದರೆ ಅಲ್ಲಿ ಒಲೆಯ ಕಲ್ಲುಗಳು ಮಾತ್ರ ಇದ್ದವು. ಆ ಚತುರ್ದಶಿಯಂದು ಪ್ರೋಷಧೋಪವಾಸ ಮಾಡಿದೆ, ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿದೆ. ಕದ್ದ ವಸ್ತುವನ್ನು ಹಿಂದಕ್ಕೆ ಕೊಡಬಹುದು. ಆ ಹುಡುಗನ ಹೆಸರನ್ನು ನಾನು ಕದ್ದಿದ್ದೆ. ಹಿಂದಕ್ಕೆ ಕೊಡೋಣವೆಂದರೆ ಆತನಿರಲಿಲ್ಲ.

ಟೇಲರನ ಕಥೆಗೆ ಮರಳೋಣ. 1840 ರಲ್ಲಿ ಭಾರತಕ್ಕೆ ಹಿಂದಿರುಗಿದ ಆತನನ್ನು ಮರುವರ್ಷ ಸುರಪುರ ಸಂಸ್ಥಾನದ ವ್ಯವಹಾರಕ್ಕೆ ನೇಮಿಸಿದರು. ಸುರಪುರವು ಬೇಡ ನಾಯಕರ ರಾಜ್ಯ. ಔರಂಗಜೇಬನು ಮುಪ್ಪಿನಲ್ಲಿ, 1705 ರಲ್ಲಿ, ತಾನೇ ನಿಂತು ಮುತ್ತಿದ ಕೊನೆಯ ಕೋಟೆ ಅವರ ವಾಗಣಗೇರಿ. ಅಂದಿನಿಂದಲೂ ದಿಲ್ಲಿಯವರ, ಹೈದರಾಬಾದಿನವರ ಬಾಯಲ್ಲಿ ಅವರು ಲೂಟಿಗಾರರು. ಟೇಲರನು ಹೋದಾಗ ರಾಜ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನದೂ ಚಿಕ್ಕಪ್ಪ ಪಿಡ್ಡ ನಾಯಕನದೂ ಅಧಿಕಾರಕ್ಕಾಗಿ ಜಗಳ. ಬೊಕ್ಕಸ ಸಾಲದಲ್ಲಿ ಮುಳುಗಿತ್ತು. ಠಗರ ಪುಸ್ತಕ ಬರೆದವನು ಬೇಡರ ನಾಡಿಗೆ ಫೌಜು ಪಿರಂಗಿಗಳನ್ನೇ ನಂಬಿ ಹೋಗುವನೆಂದು ಯಾರಾದರೂ ಎಣಿಸಬಹುದಿತ್ತು. ಆತನು ಹಾಗೆ ಮಾಡದೆ ಅವರೊಡನೆ ಕುಳಿತು ಮಾತಾಡಿದನು. ಹೆಸರನ್ನು ನೋಡದೆ ನಡತೆಯನ್ನು ನೋಡಿದನು. ಹಣಕಾಸನ್ನು ಸರಿಪಡಿಸಿದನು, ರಸ್ತೆ ಮಾಡಿಸಿದನು, ಬೋನಾಳದ ಕೆರೆಯನ್ನು ವಿಸ್ತರಿಸಿದನು. ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆಗೆ ಟೇಲರ್ ಮಂಜಿಲ್ ಎಂದು ಹೆಸರು ಬಂದಿತು. ಜನರು ಆತನನ್ನು ಮಹಾದೇವ ಬಾಬಾ ಎಂದು ಕರೆಯತೊಡಗಿದರು. ಬಾಲಕ ರಾಜನು ಅಪ್ಪ ಎಂದನು.

ಸುರಪುರದಲ್ಲಿದ್ದಾಗಲೇ ಆತನು ಪ್ರಾಚೀನ ಕಲ್ಲುಗೋರಿಗಳನ್ನು ಶೋಧಿಸಿದನು. ಜೇವರ್ಗಿಯ ಬಳಿಯ ಗೋರಿಗಳನ್ನು ಅಗೆಯಿಸಿ ಎಲುಬು, ಮಡಕೆಗಳನ್ನೂ ದೇಹದಿಂದ ಬೇರ್ಪಟ್ಟ ತಲೆಬುರುಡೆಗಳನ್ನೂ ಕಂಡು ಬರೆದ ಲೇಖನ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1851 ರಲ್ಲಿ ಬಂದಿತು. ಸತ್ತವರೊಡನೆ ಇಟ್ಟದ್ದನ್ನು ತೆಗೆಯುವುದು ಅದತ್ತಾದಾನವೋ ಅಲ್ಲವೋ ಎಂದು ಸ್ವಾಧ್ಯಾಯದಲ್ಲಿ ನನ್ನನ್ನು ಒಬ್ಬ ತರುಣ ಕೇಳಿದ್ದುಂಟು. ಭಾವವನ್ನು ನೋಡಬೇಕು ಎಂದಷ್ಟೇ ಉತ್ತರ ಕೊಟ್ಟೆ. ಈಗಲೂ ನನಗೆ ಅದಕ್ಕಿಂತ ಹೆಚ್ಚು ತೋಚುವುದಿಲ್ಲ.

1853 ರಲ್ಲಿ ರಾಜನು ಪ್ರಾಪ್ತವಯಸ್ಕನಾಗಲು ಟೇಲರನು ರಾಜ್ಯವನ್ನು ಆತನ ಕೈಗೊಪ್ಪಿಸಿ ಹೊರಟನು. ಅದೇ ವರ್ಷ ಆಂಗ್ಲರು ತಮ್ಮ ಹತೋಟಿಯಲ್ಲಿದ್ದ ಸೈನ್ಯದ ಸಂಬಳದ ಬಾಕಿಯ ನೆಪದಲ್ಲಿ ನಿಜಾಮನಿಂದ ವರ್ಹಾಡ, ನಳದುರ್ಗ, ರಾಯಚೂರು ಪ್ರಾಂತಗಳನ್ನು ಬರೆಯಿಸಿಕೊಂಡರು. ಇದಕ್ಕೆ ಕರಾರು ಎಂದು ಹೆಸರು. ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರವನ್ನು ವಿವರಿಸುವಾಗ ಟೀಕಾಕಾರರು, ರಾಜ್ಯದ ವ್ಯವಸ್ಥೆ ಕೆಟ್ಟ ಸಮಯದಲ್ಲಿ ಹೆಚ್ಚು ಬೆಲೆಯದನ್ನು ನ್ಯಾಯ ಮೀರಿ ಅಗ್ಗವಾಗಿ ಪಡೆಯುವುದನ್ನು ಹೇಳುತ್ತಾರೆ. ನನಗೆ ನಳದುರ್ಗದ ನೆನಪಾಗುತ್ತದೆ. ಆ ನಳದುರ್ಗಕ್ಕೇ ಟೇಲರನನ್ನು ಅಧಿಕಾರಿಯನ್ನಾಗಿ ಕಳುಹಿಸಿದರು. ಆತನು ಅಲ್ಲಿ ಹೊಲಗಳ ಮೋಜಣಿ ಮಾಡಿಸಿ ರೈತರ ಕಂದಾಯವನ್ನು ಕ್ರಮಪಡಿಸಿದನು. ಒಡೆಯನ ದೋಷಕ್ಕೂ ಸೇವಕನ ಪ್ರಾಮಾಣಿಕತೆಗೂ ಲೆಕ್ಕ ಬೇರೆ ಬೇರೆ ಎಂದು ಒಪ್ಪೋಣ. ಆದರೆ ಎರಡು ಲೆಕ್ಕಗಳೂ ಒಂದೇ ಪುಸ್ತಕದಲ್ಲಿದ್ದವು.

1857 ರ ದಂಗೆಯಲ್ಲಿ ಆತನು ವರ್ಹಾಡದ ಬುಲ್ಢಾಣದಲ್ಲಿದ್ದನು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ಸುರಪುರದ ತರುಣ ರಾಜನು ಆಂಗ್ಲರ ಮೇಲೆ ಆಯುಧವೆತ್ತಿದನು. ಹೋರಾಟ ಬೇಗನೆ ಮುರಿದುಬಿದ್ದಿತು. ರಾಜನು ಹೈದರಾಬಾದಿಗೆ ಓಡಿದನು. ಅಲ್ಲಿ ದಿವಾನ ಸಾಲಾರಜಂಗನು ಹಿಡಿದು ಆಂಗ್ಲರಿಗೆ ಒಪ್ಪಿಸಿದನು. ಟೇಲರನು ಸೆರೆಮನೆಗೆ ಹೋಗಿ ಆತನನ್ನು ಕಂಡನು. ಅಪ್ಪನೆಂದು ಕರೆದ ಕೈಗಳು ಟೇಲರನ ಕೊರಳನ್ನು ಅಪ್ಪಿದವು. ತನಗೆ ಸಾವಿನ ಭಯವಿಲ್ಲ, ಪಿರಂಗಿಯ ಬಾಯಿಗೆ ಕಟ್ಟಿದರೂ ನಡುಗುವುದಿಲ್ಲ, ಆದರೆ ದರೋಡೆಗಾರನಂತೆ ನೇಣು ಹಾಕದಿರಲಿ, ಅಂಥದನ್ನು ತಾನೇನೂ ಮಾಡಿಲ್ಲ ಎಂದು ಆ ಹುಡುಗನು ಬೇಡಿಕೊಂಡನೆಂದು ಟೇಲರನು ಬರೆದಿದ್ದಾನೆ. ಪ್ರಾಣವನ್ನಲ್ಲ, ಆತನು ಬೇಡಿದ್ದು ಒಂದು ಹೆಸರಿನಿಂದ ಬಿಡುಗಡೆಯನ್ನು. ಆತನ ಮನೆತನವನ್ನು ಆ ಹೆಸರಿನಿಂದ ಕರೆದು ಆಗ ನೂರೈವತ್ತು ವರ್ಷಗಳಾಗಿದ್ದವು.

ಮರಣದಂಡನೆಯು ದ್ವೀಪಾಂತರವಾಯಿತು, ಗವರ್ನರ್ ಜನರಲ್ ಕ್ಯಾನಿಂಗನು ಅದನ್ನೂ ಇಳಿಸಿ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಮಾಡಿದನು. ಅಲ್ಲಿಗೆ ಹೋಗುವ ಹಾದಿಯಲ್ಲಿಯೇ, 1858 ರಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ತಾನೇ ಹೊಡೆದುಕೊಂಡನೆಂದು ಟೇಲರನು ಬರೆದಿದ್ದಾನೆ. ರಾಜ್ಯವನ್ನು ಆಂಗ್ಲರು ವಶಪಡಿಸಿಕೊಂಡು 1860 ರಲ್ಲಿ ನಿಜಾಮನಿಗೆ ಕೊಟ್ಟರು; ಜೊತೆಗೆ ನಳದುರ್ಗ, ರಾಯಚೂರುಗಳನ್ನೂ ಹಿಂದಿರುಗಿಸಿದರು. ಸುರಪುರದಲ್ಲಿ ಆ ಎರಡು ವರ್ಷಗಳ ಆಡಳಿತಕ್ಕೆ ಟೇಲರನನ್ನೇ ಕಳುಹಿಸಿದ್ದರು. ಬಾಲಕನನ್ನು ಬೆಳೆಸಿದ ಮನೆಗೆ ಬಾಲಕನಿಲ್ಲದೆ ಹೋದ ಮುದುಕನ ಮನಸ್ಸು ಹೇಗಿದ್ದಿತೋ.

ನಮ್ಮವರ ವಿಷಯವಾಗಿಯೂ ಒಂದು ಮಾತು. ಸಮ್ಯಕ್ತ್ವದ ಮೊದಲನೆಯ ಅಂಗವಾದ ನಿಃಶಂಕಿತಕ್ಕೆ ಸಮಂತಭದ್ರರು ಕೊಟ್ಟ ದೃಷ್ಟಾಂತ ಅಂಜನಚೋರನದು. ಆತನು ಕದಿಯುವುದನ್ನು ಬಿಟ್ಟು, ದೀಕ್ಷೆ ಪಡೆದು, ತಪಸ್ಸು ಮಾಡಿ ಮುಕ್ತನಾದನೆನ್ನುವುದು ಕಥೆ. ಸಿದ್ಧಶಿಲೆಯನ್ನು ಮುಟ್ಟಿದವನನ್ನು ನಾವು ಪಾಠಶಾಲೆಯಲ್ಲಿ ಇಂದಿಗೂ ಅಂಜನಚೋರನೆಂದೇ ಕರೆಯುತ್ತೇವೆ. ವಡ್ಡಾರಾಧನೆಯ ವಿದ್ಯುಚ್ಚೋರ ರಿಸಿಯದೂ ಇದೇ ಅವಸ್ಥೆ. ನಾನೂ ಮೂವತ್ತು ವರ್ಷ ಹಾಗೆಯೇ ಕಲಿಸಿದವನು. ಈಚೆಗೆ ಮಕ್ಕಳಿಗೆ ಹೇಳುವಾಗ ಅಂಜನ ಮುನಿಗಳು ಎನ್ನುತ್ತೇನೆ. ಮಕ್ಕಳು ಯಾವ ಅಂಜನ ಎಂದು ಕೇಳುತ್ತಾರೆ.

ಟೇಲರನು 1860 ರಲ್ಲಿ ಶರೀರ ಸೋತು ಇಂಗ್ಲೆಂಡಿಗೆ ಮರಳಿದನು. ತಾರಾ ಮೊದಲಾದ ಕಾದಂಬರಿಗಳನ್ನೂ ಭಾರತದ ಇತಿಹಾಸವನ್ನೂ ಬರೆದನು. 1875 ರಲ್ಲಿ, ಕಣ್ಣು ಮಂಜಾಗುತ್ತಿದ್ದಾಗ, ಮತ್ತೊಮ್ಮೆ ಭಾರತಕ್ಕೆ ಬಂದುಹೋದನು. ಸ್ವದೇಶಕ್ಕೆ ತಿರುಗಿ ಹೋಗುವ ಮಾರ್ಗದಲ್ಲಿ ಫ್ರಾನ್ಸಿನ ಮೆಂತೋನ್ ಎಂಬ ಊರಿನಲ್ಲಿ 1876 ರ ಮೇ 13 ರಂದು ತೀರಿಕೊಂಡನು. ಆತನ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಅಚ್ಚು ಹಾಕಿಸಿದಳು. ಸೆರೆಮನೆಯಲ್ಲಿ ರಾಜನು ಬೇಡಿಕೊಂಡ ಮಾತು ನಮಗೆ ಉಳಿದಿರುವುದು ಆ ಪುಸ್ತಕದಲ್ಲಿ. ಗುಡ್ಡದ ಮೇಲಿನ ಬಂಗಲೆ ಸುರಪುರದಲ್ಲಿ ಇನ್ನೂ ನಿಂತಿದೆ.